ಖಂಡೆ ಪೂಜೆಗೆ ಇಟ್ಟ ಪುಸ್ತಕ

ಮಕ್ಕಳ ಕಥೆಗಳಲ್ಲಿ ಬರುವ ಗ್ರಂಥಪಾಲಕರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಿಳಿ ಕೂದಲು, ಮೂಗಿನ ತುದಿಯಲ್ಲಿ ಕನ್ನಡಕ. ಹುಡುಗಿ ಬಾಗಿಲಲ್ಲಿ ನಿಂತರೆ ಸಾಕು, ಮುಖ ನೋಡಿಯೇ ಬೇಕಾದ ಪುಸ್ತಕವನ್ನು ಕೈಗಿಡುತ್ತಾರೆ. ಇದನ್ನೆಲ್ಲ ಬರೆದವರು ಒಮ್ಮೆಯಾದರೂ ಕಮಲಾಪುರಕ್ಕೆ ಬರಬೇಕಿತ್ತು.

ಎಂಬತ್ತರ ದಶಕ, ನಾನಾಗ ಐದನೇ ಇಯತ್ತೆ. ನಮ್ಮೂರ ಗ್ರಂಥಾಲಯವೆಂದರೆ ಒಂದು ಕೋಣೆ, ಎರಡು ಬೆಂಚು, ದೊಡ್ಡವರು ಹಾಳೆ ಹಾಳೆಯಾಗಿ ಹಂಚಿಕೊಂಡು ಓದುವ ಒಂದು ಪೇಪರು. ಮಕ್ಕಳ ಪುಸ್ತಕಗಳು ಗಾಜಿನ ಅಲಮಾರಿಯಲ್ಲಿ, ಅದರ ಕೀಲಿಕೈ ಗ್ರಂಥಪಾಲಕರ ಉಡಿದಾರದಲ್ಲಿ. ವರ್ಷಕ್ಕೊಮ್ಮೆ, ನಮ್ಮ ಕಡೆ ಖಂಡೆ ಪೂಜೆ ಎನ್ನುವ ಆಯುಧ ಪೂಜೆಯ ದಿನ, ಆ ಅಲಮಾರಿ ತೆರೆಯುತ್ತಿತ್ತು. ಲಾರಿಯವರು ಲಾರಿಗೆ, ಬಡಿಗೇರರು ಗರಗಸಕ್ಕೆ ಪೂಜೆ ಮಾಡಿದಂತೆ ಇವರು ಪುಸ್ತಕಗಳನ್ನು ಸಾಲಾಗಿ ಇಟ್ಟು ಕುಂಕುಮ ಹಚ್ಚುತ್ತಿದ್ದರು.

ಆ ವರ್ಷ ಅವರು ತೆಂಗಿನಕಾಯಿ ತರಲು ಹೋದಾಗ ನಾನೊಂದು ಪುಸ್ತಕ ಎತ್ತಿಕೊಂಡೆ. ಅದರಲ್ಲೂ ಒಬ್ಬಳು ಹುಡುಗಿ, ಒಂದು ಗ್ರಂಥಾಲಯ. ತಾಯಿಯ ಕಾಯಿಲೆಗೆ ಬೇಕಾದ ಬೇರು ಯಾವುದೆಂದು ಅವಳು ಹುಡುಕುತ್ತಿದ್ದಳು. ಅರ್ಧಕ್ಕೆ ಬರುವಷ್ಟರಲ್ಲಿ ಇವರು ಬಂದು ಕಸಿದುಕೊಂಡರು. ಪೂಜೆಗಿಟ್ಟ ಪುಸ್ತಕವನ್ನು ಅಂದು ಓದಬಾರದು, ನಿಜ. ಮರುದಿನ ಬೆಳಿಗ್ಗೆಯೇ ಹೋಗಿ ನಿಂತೆ.

"ಪೂಜಾ ಮಾಡಿದ ಪುಸ್ತಕ ಅವ. ಮುಟ್ಟಿ ಹೊಲಸ ಮಾಡ್ತಿ. ಮನಿಗಿ ಹೋಗು."

"ಯಾವಾಗ ಕೊಡ್ತೀರ್ರಿ ಸರ್?"

"ಮುಂದಿನ ಹಬ್ಬಕ್ಕ ಬಾ."

ಊರಿಗೆಲ್ಲ ಒಂದೇ ದಿನದಲ್ಲಿ ಮುಗಿಯುವ ಪೂಜೆ ಈ ಮಹಾನುಭಾವರಿಗೆ ವರ್ಷವಿಡೀ ನಡೆಯುತ್ತಿತ್ತು. ತಪಾಸಣೆಗೆ ಬಂದ ಸಾಹೇಬರು, ಪುಸ್ತಕಗಳನ್ನು ಎಷ್ಟು ಹೊಸದಾಗಿ ಇಟ್ಟಿದ್ದೀರಿ ಎಂದು ಹೊಗಳಿ ಹೋದರಂತೆ. ಆ ಕಥೆಯ ತಾಯಿ ಬದುಕಿದಳೋ ಸತ್ತಳೋ ನನಗೆ ಇಂದಿಗೂ ಗೊತ್ತಿಲ್ಲ.

ಆ ಸಿಟ್ಟಿನಲ್ಲೇ ಕಲಬುರಗಿಯಲ್ಲಿ ಗ್ರಂಥಾಲಯ ವಿಜ್ಞಾನ ಓದಿದೆ. ಜನ ಮಾಹಿತಿಯನ್ನು ಹೇಗೆ ಹುಡುಕುತ್ತಾರೆ ಎಂಬುದಕ್ಕೂ ಅಲ್ಲೊಂದು ಶಾಸ್ತ್ರವಿತ್ತು. ಮಕ್ಕಳ ಕಥೆಗಳಲ್ಲಿ ಬರುವ ಗ್ರಂಥಾಲಯಗಳನ್ನೇ ನಾನು ಪ್ರಬಂಧಕ್ಕೆ ಆರಿಸಿಕೊಂಡೆ. ಕಥೆಯ ಮಗು ಪುಸ್ತಕದ ಹೆಸರು ಹೇಳುವುದಿಲ್ಲ, ಚಿತ್ರವನ್ನೋ ಬಣ್ಣವನ್ನೋ ಹೇಳುತ್ತದೆ. ಮಕ್ಕಳು ಕೇಳುವುದೇ ಹಾಗೆ, ಅಷ್ಟು ನಿಜ, ಆದರೆ ಕೇಳಿಸಿಕೊಳ್ಳುವ ಗ್ರಂಥಪಾಲಕ ಮಾತ್ರ ಶುದ್ಧ ಸುಳ್ಳು ಎಂದು ಬರೆದೆ. ನನ್ನ ಗೈಡ್ ಓದಿ, "ಛಲೋ ಬರದೀರಿ. ಸಿಟ್ಟು ಸ್ವಲ್ಪ ಕಡಿಮಿ ಮಾಡ್ರಿ" ಎಂದರು. ಮಾಡಲಿಲ್ಲ.

ಎರಡು ಸಾವಿರದ ಇಸವಿಯ ಹೊತ್ತಿಗೆ ಕಲಬುರಗಿಯಲ್ಲೇ ಖೂಬಾ ಪ್ಲಾಟ್ ಹತ್ತಿರದ ಒಂದು ಗ್ರಂಥಾಲಯದಲ್ಲಿ ಮಕ್ಕಳ ವಿಭಾಗ ನನ್ನ ಪಾಲಿಗೆ ಬಂತು. ಖಂಡೆ ಪೂಜೆಯ ಹಿಂದಿನ ದಿನ ರಿಜಿಸ್ಟರಿನಲ್ಲಿ ತಲೆ ಹುದುಗಿಸಿ ಕೂತಿದ್ದೆ. ಒಬ್ಬಳು ಹುಡುಗಿ ಬಂದಳು.

"ಮೇಡಮ್ರೀ, ಕೆಂಪು ರಟ್ಟಿನ ಬುಕ್ ಬೇಕ್ರಿ. ಮ್ಯಾಲ ಆನಿ ಅದ್ರಿ. ನಿನ್ನಿ ಅರ್ಧ ಓದೀನ್ರಿ."

"ಹೆಸರೇನು ಅದರದು?"

"ಗೊತ್ತಿಲ್ರಿ. ಆನಿ ಬಾವ್ಯಾಗ ಬಿದ್ದದರಿ."

"ಹೆಸರು ತಿಳ್ಕೊಂಡು ಬಾ. ಸುಮ್ನ ತಲಿ ತಿನ್ನಬ್ಯಾಡ."

ಹೋದಳು. ಸಂಜೆ ಮೇಜು ಒರೆಸುವಾಗ ಕಂಡಿತು, ಕೆಂಪು ರಟ್ಟು, ಆನೆ. ಪೂಜೆಗೆ ಚೆಂದ ಕಾಣುತ್ತವೆಂದು ಬೆಳಿಗ್ಗೆ ನಾನೇ ಆರಿಸಿ ತೆಗೆದಿಟ್ಟಿದ್ದ ಪುಸ್ತಕಗಳಲ್ಲಿ ಅದು ಎಲ್ಲಕ್ಕಿಂತ ಮೇಲೆಯೇ ಇತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅದನ್ನು ಪೂಜೆಗೆ ಇಡಲಿಲ್ಲ. ವಾರಗಟ್ಟಲೆ ಮೇಜಿನ ಅಂಚಿನಲ್ಲಿ, ಬಾಗಿಲಿಗೆ ಕಾಣುವಂತೆ ನಿಲ್ಲಿಸಿದ್ದೆ. ಕೊನೆಗೆ ನಾನೇ ಓದಿದೆ. ಆನೆ ಬಾವಿಯಿಂದ ಮೇಲೆ ಬರುತ್ತದೆ. ಅದನ್ನು ಹೇಳೋಣವೆಂದರೆ ಆ ಹುಡುಗಿ ಮತ್ತೆ ಬರಲೇ ಇಲ್ಲ.