ಚಕ್ರ ಬೀಳಿಸಿ ಹಾರುವ ವಿಮಾನ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾವು ಮೈಸೂರಿನ ಸರಸ್ವತಿಪುರಂನಲ್ಲಿ ಬಾಡಿಗೆಗಿದ್ದೆವು. ನಾನು ಟ್ಯುಟೋರಿಯಲ್ ಒಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ, ನನ್ನ ಹೆಂಡತಿ ಕಾಲೇಜಿನಲ್ಲಿ ರಸಾಯನಶಾಸ್ತ್ರ. ಬೆಳಗಿನ ಬ್ಯಾಚ್ ಮುಗಿಸಿ ಬಂದು ನಾನು ಕಂಪ್ಯೂಟರಿನಲ್ಲಿ ಒಂದು ವಿಮಾನ ಕಟ್ಟುತ್ತಿದ್ದೆ. ಎರಡನೇ ಮಹಾಯುದ್ಧದ ಕೊನೆಗೆ ಜರ್ಮನರು ಹಾರಿಸಿದ, ರಾಕೆಟ್ ಎಂಜಿನ್ನಿನ ಯುದ್ಧವಿಮಾನ, ಹೆಸರು ಕೋಮೆಟ್. ಮನೆಯಲ್ಲೇ ಕೂತು ವಿಮಾನ ಹಾರಿಸುವ ನನ್ನ ಸಿಮ್ಯುಲೇಟರಿನಲ್ಲಿ ಬೇರೆಲ್ಲ ಇದ್ದವು, ಇದೊಂದಿರಲಿಲ್ಲ. ಇಲ್ಲದಿದ್ದುದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ ಎಂಬುದೂ ನಿಜ.

ಆ ವರ್ಷ ಹೆಂಡತಿ ಕೂತಿದ್ದ ಆಟೋ ಮಂಡಿ ಮೊಹಲ್ಲಾದ ತಿರುವೊಂದರಲ್ಲಿ ಮಗುಚಿ ಅವಳ ಕಾಲು ಮುರಿಯಿತು. ಪ್ಲಾಸ್ಟರ್ ಹಾಕಿಸಿಕೊಂಡು ಬಂದವಳು ಮಾತು ಕಡಿಮೆ ಮಾಡಿದಳು. ನೋಡಲು ಬಂದವರೆಲ್ಲ ತಮಗೆ ಗೊತ್ತಿದ್ದ ಮುರಿದ ಕಾಲುಗಳ ಕಥೆ ಹೇಳಿ, ಕಾಫಿ ಕುಡಿದು ಹೋಗುತ್ತಿದ್ದರು. ಅವರಿಂದ ತಪ್ಪಿಸಿಕೊಳ್ಳಲು ಅವಳು ಕಂಪ್ಯೂಟರ್ ಇದ್ದ ಕೋಣೆಗೆ ಬಂದು, ಸ್ಟೂಲಿನ ಮೇಲೆ ಕಾಲು ಚಾಚಿ ನನ್ನ ಪಕ್ಕ ಕೂರತೊಡಗಿದಳು.

ಮೊದಲ ದಿನ ವಿಮಾನ ನೆಲ ಬಿಡುತ್ತಿದ್ದಂತೆ ಚಕ್ರಗಳು ಕಳಚಿ ಬಿದ್ದವು.

“ಚಕ್ರ ಬಿದ್ದೋಯ್ತಲ್ರೀ.”

“ಬೀಳ್ಬೇಕು. ಇಲ್ದಿದ್ರೆ ಭಾರ.”

“ಮತ್ತೆ ಇಳಿಯೋದು?”

“ಹೊಟ್ಟೆ ಅಡೀಲಿ ಒಂದು ಹಲಗೆ ಇದೆ. ಅದರ ಮೇಲೆ ಜಾರ್ಕೊಂಡು ಬರುತ್ತೆ.”

“ಎಂಜಿನ್ನು?”

“ಏಳೆಂಟು ನಿಮಿಷಕ್ಕೆ ಇಂಧನ ಖಾಲಿ. ಆಮೇಲೆ ತೇಲ್ಕೊಂಡೇ ಬರ್ಬೇಕು.”

ಇಂಧನ ಯಾವುದೆಂದು ಕೇಳಿದಳು. ಗಾಢ ಹೈಡ್ರೋಜನ್ ಪೆರಾಕ್ಸೈಡ್, ಇನ್ನೊಂದು ದ್ರವ ಸೇರಿದರೆ ತಾನೇ ಹೊತ್ತಿಕೊಳ್ಳುತ್ತದೆ ಎಂದೆ.

“ಅದರ ಹತ್ರ ಮನುಷ್ಯನ್ನ ಕೂರಿಸ್ತಿದ್ರಾ?”

“ಅವನ ಎರಡೂ ಪಕ್ಕ ಟ್ಯಾಂಕಿತ್ತು.”

ಅವಳು ತನ್ನ ಪ್ಲಾಸ್ಟರ್ ನೋಡಿಕೊಂಡು, “ನಾನು ಆಟೋಗೆ ಹೆದರ್ಕೊಂಡು ಕೂತಿದೀನಿ,” ಎಂದಳು. ಅಪಘಾತದ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ನಾನು ರೆಕ್ಕೆಯ ಅಳತೆ ತಿದ್ದಿದೆ.

ಏರುವುದು ಸುಲಭವಾಗಿತ್ತು. ಸಿಮ್ಯುಲೇಟರಿನಲ್ಲಿ ನಮ್ಮೂರ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇಯಿಂದ ಹೊರಟರೆ ಚಾಮುಂಡಿ ಬೆಟ್ಟ ಕ್ಷಣದಲ್ಲಿ ಕಂದು ಗುಡ್ಡೆಯಾಗಿ ಕೆಳಗುಳಿಯುತ್ತಿತ್ತು. ಇಳಿಯುವುದೇ ಕಷ್ಟ. ನಾನು ಕಟ್ಟಿದ ರೆಕ್ಕೆ ಎಷ್ಟು ಚೆನ್ನಾಗಿ ತೇಲುತ್ತಿತ್ತೆಂದರೆ, ರನ್‌ವೇ ಮುಗಿದರೂ ವಿಮಾನ ನೆಲ ಮುಟ್ಟುತ್ತಿರಲಿಲ್ಲ. ಒತ್ತಾಯದಿಂದ ಮೂಗು ತಗ್ಗಿಸಿದರೆ ಪಲ್ಟಿ ಹೊಡೆಯುತ್ತಿತ್ತು. ವಾರಗಟ್ಟಲೆ ಸಂಖ್ಯೆ ಬದಲಾಯಿಸಿದೆ. ಪಲ್ಟಿಯ ರೀತಿ ಮಾತ್ರ ಬದಲಾಯಿತು.

“ಕೊಡಿ ಇಲ್ಲಿ,” ಎಂದು ಒಂದು ಮಧ್ಯಾಹ್ನ ಅವಳು ಜಾಯ್‌ಸ್ಟಿಕ್ ತೆಗೆದುಕೊಂಡಳು. ಇಂಧನ ಮುಗಿಯಿತು. ರನ್‌ವೇ ಆ ಕಡೆ ಎಂದೆ.

“ಅದಕ್ಕೆ ಎಲ್ಲಿ ಇಳೀಬೇಕು ಅನ್ಸುತ್ತೋ ಅಲ್ಲೇ ಇಳೀಲಿ ಬುಡ್ರೀ.”

ಸಿಮ್ಯುಲೇಟರಿನ ಮೈಸೂರಿನಲ್ಲಿ ಅಶೋಕಪುರಂ ಇರಲಿಲ್ಲ, ಸರಸ್ವತಿಪುರಂ ಇರಲಿಲ್ಲ; ಊರಿಗೆ ಊರೇ ಹಸಿರು ಬಯಲು. ಅಷ್ಟರಲ್ಲಿ ಎದುರು ಮನೆಯಾಕೆ ಬಾಗಿಲಲ್ಲಿ ಬಂದು ನಿಂತರು.

“ಕಾಲು ಎಂಗಿದೆ ಕಣಮ್ಮ?”

“ಒಂದ್ನಿಮಿಷ ಕೂತ್ಕೊಳಿ. ಎಂಜಿನ್ ನಿಂತೋಗಿದೆ.”

ಆಕೆ ಗಾಬರಿಯಿಂದ ಕೂತರು. ವಿಮಾನ ತೇಲುತ್ತ, ತಗ್ಗುತ್ತ, ಸರಿಸುಮಾರು ನಮ್ಮ ಬೀದಿ ಇರಬೇಕಾದ ಜಾಗದಲ್ಲಿ ಹೊಟ್ಟೆ ಊರಿ ಜಾರಿ ನಿಂತಿತು. ನನಗೆ ಖುಷಿಯಾಯಿತು, ಜೊತೆಗೆ ಸ್ವಲ್ಪ ಹೊಟ್ಟೆಯುರಿಯೂ ಆಯಿತು. ಅವಳು ತಿರುಗಿ, “ಕಾಲು ಪರವಾಗಿಲ್ಲ ಕಣ್ರೀ,” ಎಂದು ಎದುರು ಮನೆಯಾಕೆಗೆ ಹೇಳಿದಳು. ನಕ್ಕಳು ಕೂಡ. ಆಕೆ ತಮ್ಮ ಅಣ್ಣನ ಕಾಲಿನ ಕಥೆ ಶುರುಮಾಡಿದರು. ಅವಳು ಪೂರ್ತಿ ಕೇಳಿಸಿಕೊಂಡಳು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅವಳು ಸಿಟಿ ಬಸ್ಸಿನಲ್ಲಿ ಕಾಲೇಜಿಗೆ ಹೋದಳು. ಆಟೋ ಹತ್ತಲು ಇನ್ನೂ ಬಹಳ ಕಾಲ ಹಿಡಿಯಿತು. ನಾನು ಕೋಮೆಟ್ಟನ್ನು ಇಂಟರ್ನೆಟ್ಟಿಗೆ ಹಾಕಿದೆ. ಬಾಲದ ಬಣ್ಣ ತಪ್ಪಾಗಿದೆ ಎಂದು ಯಾರೋ ಬರೆದರು; ತಿದ್ದಿದೆ.

ಮುಂದೆ ಹೊಸ ಕಂಪ್ಯೂಟರ್ ಬಂದಾಗ ಆ ಸಿಮ್ಯುಲೇಟರ್ ಅದರಲ್ಲಿ ಓಡಲಿಲ್ಲ. ಹಳೆಯ ಕಂಪ್ಯೂಟರನ್ನು ಯಾರಿಗಾದರೂ ಕೊಟ್ಟುಬಿಡೋಣವೇ ಎಂದೆ. “ಇರ್ಲಿ ಬುಡಿ,” ಎಂದಳು. ಈಗಲೂ ರಜೆಯ ಮಧ್ಯಾಹ್ನಗಳಲ್ಲಿ ಒಮ್ಮೊಮ್ಮೆ ಅದರಲ್ಲಿ ಕೋಮೆಟ್ ಹಾರಿಸುತ್ತಾಳೆ. ರನ್‌ವೇ ಮೇಲೆ ಇಳಿಸಿದ್ದನ್ನು ನಾನಿನ್ನೂ ನೋಡಿಲ್ಲ.