ನೆಲಕ್ಕಿಡದ ಗೊಂಚಲು

ಮೊನ್ನೆ ಭಾನುವಾರ ನನ್ನ ತಂಗಿಯ ಮಗ ಬಂದು ಒಂದು ಬಾಟಲಿಯನ್ನು ನನ್ನ ಕೈಗಿಟ್ಟ. ಅವನು ಸೊಲ್ಲಾಪುರದ ಹತ್ತಿರ ಚಿಂಚೋಳಿ ಕೈಗಾರಿಕಾ ಪ್ರದೇಶದ ಗೋದಾಮೊಂದರಲ್ಲಿ ಮೇಲ್ವಿಚಾರಕ. ಯಾರೋ ಕೊಟ್ಟ ಉಡುಗೊರೆಯಂತೆ. ಮನೆಗೆ ಒಯ್ದರೆ ತಾಯಿ ಬಾಟಲಿಯನ್ನೂ ತನ್ನನ್ನೂ ಒಟ್ಟಿಗೇ ಹೊರಗೆ ಹಾಕುತ್ತಾಳೆಂದು ನನ್ನಲ್ಲಿಗೆ ತಂದಿದ್ದ. ದ್ರಾಕ್ಷಿಯ ವೈನು. ಹಿಂಬದಿಯ ಚೀಟಿಯಲ್ಲಿ, ಮಂಜು ಮುಸುಕಿದ ಕಣಿವೆಗಳಲ್ಲಿ ನಿಧಾನವಾಗಿ ಮಾಗಿದ ಹಣ್ಣು ಎಂದು ಬರೆದಿತ್ತು. ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ನಮ್ಮ ಸೊಲ್ಲಾಪುರ ಜಿಲ್ಲೆಯ ಹೆಸರಿತ್ತು. ನಮ್ಮ ಜಿಲ್ಲೆಯಲ್ಲಿ ನಾನು ಕಣಿವೆಯನ್ನು ಕಂಡಿಲ್ಲ. ಇಲ್ಲಿ ಮುಸುಕುವುದೇನಿದ್ದರೂ ಧೂಳು.

ಅವನು ಮುಚ್ಚಳ ತಿರುಗಿಸಿದಾಗ ಹುಳಿಯೂ ಸಿಹಿಯೂ ಅಲ್ಲದ ಒಂದು ವಾಸನೆ ಬಂತು. ಆ ವಾಸನೆ ನನಗೆ ಗೊತ್ತಿತ್ತು. ಆದರೆ ಬಾಟಲಿಯಿಂದ ಗೊತ್ತಾದದ್ದಲ್ಲ, ನನ್ನವೇ ಎರಡು ಅಂಗೈಗಳಿಂದ.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನನ್ನ ಕಡೆಯಿಂದ ಏನನ್ನೂ ಸೇರಿಸುವುದಿಲ್ಲ. ಇದ್ದದ್ದನ್ನು ಹೊರುವುದೇ ನನಗೆ ಇನ್ನೂ ಪೂರ್ತಿ ರೂಢಿಯಾಗಿಲ್ಲ.

ನನ್ನದು ಸೊಲ್ಲಾಪುರದಲ್ಲಿ ಚಾದರದ ಅಂಗಡಿ. ಕೆಲವು ವರ್ಷಗಳ ಹಿಂದೆ ಕಟ್ಟು ಕಟ್ಟಲು ತಂದ ರದ್ದಿಯಲ್ಲಿ ಬಣ್ಣದ ಪತ್ರಿಕೆಯೊಂದು ಸಿಕ್ಕಿತು. ಪರದೇಶದಲ್ಲಿ ಜನ ಹೆಗಲಿಗೆ ಚೀಲ ಹಾಕಿಕೊಂಡು ದ್ರಾಕ್ಷಿ ತೋಟಗಳ ನಡುವೆ ದಿನಗಟ್ಟಲೆ ನಡೆಯುತ್ತಾರಂತೆ. ತೋಟಕ್ಕೊಂದು ಲೋಟದಂತೆ ವೈನು ಕುಡಿಯುತ್ತಾರಂತೆ, ಸಿಕ್ಕಲ್ಲಿ ಮಲಗುತ್ತಾರಂತೆ. ನಾನು ಕುಡುಕನಲ್ಲ. ಆದರೆ ಆ ಲೇಖನದಲ್ಲಿ 'ಕಡಿಮೆ ಖರ್ಚಿನಲ್ಲಿ' ಎಂಬ ಮಾತು ಪದೇ ಪದೇ ಬರುತ್ತಿತ್ತು. ವ್ಯಾಪಾರದ ಮನೆಯಲ್ಲಿ ಹುಟ್ಟಿದವನು ಅದನ್ನು ಎಷ್ಟು ಸಲ ಓದಿ ಸುಮ್ಮನಿರಬಲ್ಲ? ದ್ರಾಕ್ಷಿ ನಮ್ಮಲ್ಲೂ ಇದೆ, ಕಾಲು ನನಗೂ ಇವೆ ಅಂದುಕೊಂಡೆ.

ಹೆಂಡತಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಕೊಡುವಾಗ ಒಂದು ಮಾತನ್ನೂ ಕೊಟ್ಟಳು: “ಮಂದಿ ಕುಡದು ನಡಕೋತ ಮನಿಗಿ ಬರ್ತಾರ. ಕುಡಿಯಾಕಂತ ಮನಿಯಿಂದ ನಡಕೋತ ಹೋಗಾವರನ್ನ ಇವತ್ತೇ ನೋಡಿದೆ.”

ಕಂದಲಗಾಂವದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಪೂರ್ವಕ್ಕೆ ಹೊಲದ ದಾರಿ ಹಿಡಿದೆ. ಪ್ರವಾಸಕ್ಕೆಂದೇ ಅಗ್ಗದ ಬೂಟು ಕೊಂಡಿದ್ದೆ. ಅವು ಬಿಸಿಲೇರುವ ಮೊದಲೇ ಹಿಮ್ಮಡಿ ಕಚ್ಚಿದವು. ಬಿಚ್ಚಿ ಚೀಲಕ್ಕೆ ತುರುಕಿ ಬರಿಗಾಲಲ್ಲಿ ನಡೆದೆ. ನನ್ನ ಯಾತ್ರೆ ಕೆಟ್ಟದ್ದು ಅಲ್ಲಿಯೇ. ಅಥವಾ ಸುರುವಾದದ್ದು ಅಲ್ಲಿಯೇ.

ಏಕೆಂದರೆ ನಮ್ಮ ಕಡೆ ಬರಿಗಾಲಲ್ಲಿ ಪೂರ್ವಕ್ಕೆ ನಡೆಯುವವನು ಹೋಗುವುದು ಒಂದೇ ಊರಿಗೆ, ಸ್ವಾಮಿಯ ಗುಡಿಯಿರುವ ಅಕ್ಕಲಕೋಟಕ್ಕೆ.

ಮೋಟಾರ್ ಸೈಕಲ್ಲಿನ ಒಬ್ಬ ಗೃಹಸ್ಥ ನಿಂತು ಕೇಳಿದ: “ಸ್ವಾಮಿಗೇನ್ರಿ?”

“ಇಲ್ರಿ. ದ್ರಾಕ್ಷಿ ತ್ವಾಟ ನೋಡಾಕ ಹೊಂಟೀನಿ.”

ಅವನು ಕೆಳಗಿಳಿದು ನನ್ನ ಕಾಲು ಮುಟ್ಟಿದ. “ಖರೇ ಅದರಿ. ಹರಕಿ ಬಾಯಿಬಿಟ್ಟು ಹೇಳಬಾರ್ದು.”

ಮುಂದೆ ಚಹದಂಗಡಿಯವನು ಹಣ ಮುಟ್ಟಲಿಲ್ಲ. ನಾನು ಸಂಕೋಚ ಬಿಟ್ಟು, ಈ ಕಡೆ ವೈನು ಎಲ್ಲಿ ಸಿಗುತ್ತದೆ ಎಂದು ನೇರವಾಗಿಯೇ ಕೇಳಿದೆ. ಅವನು ಹೊಟ್ಟೆ ಹಿಡಿದು ನಕ್ಕ. “ಪಾವಣ್ಯಾರು ಭಾರಿ ಇದ್ದಾರ! ನಮ್ಮ ಭಕ್ತಿ ಪರೀಕ್ಷಾ ಮಾಡಾಕತ್ತಾರ!” ಎಂದು ಇನ್ನೊಂದು ಕಪ್ಪು ಚಹ ಕೊಟ್ಟ. ಸತ್ಯ ಹೇಳಿದಷ್ಟೂ ನಾನು ಸಾಧುವಾಗುತ್ತಿದ್ದೆ. ಆ ಪತ್ರಿಕೆಯವರಿಗಿಂತ ಕಡಿಮೆ ಖರ್ಚಿನಲ್ಲಿ ನನ್ನ ಪ್ರವಾಸ ನಡೆದಿತ್ತು. ವೈನೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಸಿಗುತ್ತಿತ್ತು. ಒಬ್ಬ ತಾಯಿ ತನ್ನ ಕೂಸಿನ ತಲೆಯ ಮೇಲೆ ನನ್ನ ಕೈ ಇಡಿಸಿಕೊಂಡಳು. ಕೂಸು ಅತ್ತಿತು. ಅದೊಂದೇ ನನ್ನನ್ನು ಸರಿಯಾಗಿ ಗುರುತಿಸಿದ್ದು.

ಮರುದಿನ ಸಂಜೆ ಅಕ್ಕಲಕೋಟ ಇನ್ನು ಅರ್ಧ ದಿನದ ದಾರಿ ಎನ್ನುವಾಗ ಒಂದು ತೋಟ ಕಂಡಿತು. ತಂತಿಯ ಮೇಲೆ ಬಳ್ಳಿ, ಬಳ್ಳಿಯ ಕೆಳಗೆ ಕಡುನೀಲಿ ಗೊಂಚಲು. ಹಣ್ಣು ಮಾತ್ರ ಕರಿಮೆಣಸಿಗಿಂತ ಸ್ವಲ್ಪ ದೊಡ್ಡದು. ಪೇಟೆಯಲ್ಲಿ ಮಾರುವ ದ್ರಾಕ್ಷಿ ಅಲ್ಲ ಅದು. ನಾನು ದಾರಿ ಬಿಟ್ಟು ತೋಟದೊಳಗೆ ನಡೆದೆ.

ತೋಟದ ಧಣಿ ಶಿವಾನಂದ ಹೇಳಿದ: “ಇವು ತಿನ್ನೂ ಹಣ್ಣಲ್ರಿ. ವೈನ್ ಕಂಪನೀವು.” ತಂದೆ ಹಚ್ಚಿದ ಹಳೆಯ ಬಳ್ಳಿ ಕಿತ್ತು ಇವನ್ನು ಹಚ್ಚಿದ್ದ. ಇದೇ ಮೊದಲ ಫಸಲು. ನಾಳೆ ಸಂಜೆ ಕಂಪನಿಯ ಲಾರಿ ಬರುತ್ತದೆ. ಅವನು ಮಾತಿನ ನಡುವೆ ಮತ್ತೆ ಮತ್ತೆ ಆಕಾಶ ನೋಡುತ್ತಿದ್ದ. ಪಶ್ಚಿಮದಲ್ಲಿ ಮೋಡ ಕಟ್ಟಿತ್ತು. ಮಾಗಿದ ಹಣ್ಣಿಗೆ ಮಳೆ ಬಿದ್ದರೆ ಸಿಪ್ಪೆ ಸೀಳುತ್ತದೆ, ಸೀಳಿದ್ದನ್ನು ಕಂಪನಿ ಒಯ್ಯುವುದಿಲ್ಲ. ಆದರೂ ಹಣ್ಣು ಕೊಯ್ಯಲು ಬಂದ ಹೆಂಗಸರು ಬದುವಿನ ಮೇಲೆ ಕತ್ತರಿಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು.

ಆ ಮನೆಯ ಪದ್ಧತಿ ಹೀಗೆ: ಮೊದಲ ಗೊಂಚಲು ಕಾಲುನಡಿಗೆಯಲ್ಲಿ ಹೋಗಿ ಅಕ್ಕಲಕೋಟದ ಸ್ವಾಮಿಗೆ ಮುಟ್ಟಬೇಕು. ಅಲ್ಲಿಯವರೆಗೆ ತೋಟದಲ್ಲಿ ಇನ್ನೊಂದು ಗೊಂಚಲಿಗೆ ಕತ್ತರಿ ಬೀಳುವಂತಿಲ್ಲ. ಮೊದಲು ಶಿವಾನಂದನ ತಂದೆ ಒಯ್ಯುತ್ತಿದ್ದರು, ಅವರ ನಂತರ ತಾಯಿ. ಊರೆಲ್ಲ ಅವಳನ್ನು ಆಯಿ ಎನ್ನುತ್ತಿತ್ತು. ಈಗ ಅವಳ ಮೊಣಕಾಲು ನಡೆಯದು. ಆದರೆ ತೊಡಕು ಮೊಣಕಾಲಿನದಲ್ಲ. ಈ ಹಣ್ಣನ್ನು ಒಯ್ಯಲು ಅವಳು ಯಾರಿಗೂ ಅಪ್ಪಣೆಯನ್ನೇ ಕೊಟ್ಟಿರಲಿಲ್ಲ.

“ಕೊಳ್ಳಾಗ ಲಿಂಗ ಕಟಗೊಂಡು, ದಾರೂದ ಹಣ್ಣು ಸ್ವಾಮಿ ಮುಂದ ಹ್ಯಾಂಗ ಇಡೂದು?” ಎಂದಳು ಆಯಿ, ಕಟ್ಟೆಯ ಮೇಲೆ ಕುಳಿತು.

“ಅವ್ವಾ, ಇದು ಹಣ್ಣ ಅದ. ದಾರೂ ಆಗೋದು ಅಲ್ಲಿ, ನಾಸಿಕದಾಗ.”

“ಹಂಗಾರ ಪಾಪಾನೂ ನಾಸಿಕದಾಗೇ ಆಗತದೇನೋ, ಶಾಣ್ಯಾ?”

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಶಿವಾನಂದ ನಗಲಿಲ್ಲ. ಆಗ ಆಯಿ ನನ್ನ ಕಡೆ ತಿರುಗಿ ಕೈ ಮುಗಿದಳು. “ನೀವು ಸ್ವಾಮಿ ಹಾದಿಯವ್ರು. ನೀವು ಹೇಳ್ರಿ. ಒಯ್ಯಬಹುದೋ ಒಯ್ಯಬಾರದೋ? ನೀವು ಹೇಳಿದ್ದ ಖರೇ.”

ಚಾದರದಂಗಡಿಯವನನ್ನು ಜನ ಕೇಳುವುದು ಬಣ್ಣ ಹೋಗುತ್ತದೆಯೇ ಎಂದು. ಅದಕ್ಕೇ ನಾನು ಕೆಮ್ಮಿ ಉತ್ತರ ಕೊಡುವವನು. ಈಗ ಒಂದು ಮನೆಯ ಇಡೀ ಫಸಲು ನನ್ನ ನಾಲಿಗೆಯ ಮೇಲೆ ಬಂದು ಕುಳಿತಿತ್ತು. ಒಯ್ಯಬಹುದು ಎಂದರೆ ಅವಳಿಗೆ ಮೋಸ, ಒಯ್ಯಬಾರದು ಎಂದರೆ ಅವನ ಕೇಡು. ಶಿವಾನಂದ ನನ್ನನ್ನೇ ನೋಡುತ್ತಿದ್ದ.

“ಆಯಿ, ನನ್ನ ಕೇಳಬ್ಯಾಡ್ರಿ,” ಅಂದೆ. “ನಾ ಸ್ವಾಮಿಗಿ ಹೊಂಟಾವ ಅಲ್ಲ. ವೈನ್ ಕುಡಿಯಾಕಂತ ನಡಕೋತ ಬಂದಾಂವ.”

ಶಿವಾನಂದ ಕಣ್ಣು ಮುಚ್ಚಿಕೊಂಡ. ಈ ಸಲ ಯಾರೂ ನಗಲಿಲ್ಲ, ಯಾರೂ ಕಾಲು ಮುಟ್ಟಲಿಲ್ಲ. ಆಯಿ ನನ್ನ ಮುಖ ನೋಡಿದಳು, ಹಿಮ್ಮಡಿಯ ಬೊಬ್ಬೆಗಳನ್ನು ನೋಡಿದಳು. ಆ ಎರಡು ದಿನದಲ್ಲಿ ನನ್ನ ಮಾತನ್ನು ನಂಬಿದವಳು ಅವಳೊಬ್ಬಳೇ.

“ದಾರೂ ಕುಡಿಯಾಕ ಬಂದೀರಿ,” ಎಂದಳು ನಿಧಾನವಾಗಿ. “ಕಾಲು ಮಾತ್ರ ಸ್ವಾಮಿ ಹಾದಿ ಹಿಡದಾವ. ಕುಡಿಯಾವನ್ನ ಸ್ವಾಮಿ ಹಿಂಗ ಎಳಕೊಂಡ ಮ್ಯಾಲ, ಹಣ್ಣೇನ್ ತಪ್ಪು ಮಾಡ್ಯಾವು? ಒಯ್ರಿ. ನೀವೇ ಒಯ್ರಿ.” ಮತ್ತೆ ಹೇಳಿದಳು: “ಗಾಡಿ ಹತ್ತಬ್ಯಾಡ್ರಿ. ನೆಲಕ್ಕ ಇಡಬ್ಯಾಡ್ರಿ.”

ಹೀಗೆ, ಬೆಳಕು ಹರಿಯುವ ಹೊತ್ತಿಗೆ, ನಾನು ಎರಡೂ ಅಂಗೈ ಜೋಡಿಸಿ ಅದರ ಮೇಲೊಂದು ಗೊಂಚಲು ಹೊತ್ತು ನಿಜವಾಗಿಯೂ ಅಕ್ಕಲಕೋಟಕ್ಕೆ ಹೊರಟೆ. ಕೈಗಳಿಲ್ಲದ ಮನುಷ್ಯನ ಬದುಕು ಎಂಥದೆಂದು ಆಗ ತಿಳಿಯಿತು. ಮೂಗಿನ ಮೇಲೆ ಕುಳಿತ ನೊಣ ತನಗೆ ಬೇಕಾದಷ್ಟು ಹೊತ್ತು ಕುಳಿತಿತ್ತು. ಚಹವನ್ನು ಅಂಗಡಿಯವನೇ ಬಸಿಯಲ್ಲಿ ಆರಿಸಿ ಕುಡಿಸಿದ. ಜಾಲಿಮರದ ಮರೆಗೆ ಹೋಗಲೇಬೇಕಾದಾಗ ದಾರಿಯಲ್ಲಿದ್ದ ಕುರುಬ ಮುದುಕನೊಬ್ಬನನ್ನು ಕೇಳಿಕೊಂಡೆ. ಅವನು ರುಮಾಲು ಬಿಚ್ಚಿ ಅಂಗೈ ಮೇಲೆ ಹಾಸಿ ಗೊಂಚಲು ತೆಗೆದುಕೊಂಡ. ನಾನು ತಿರುಗಿ ಬರುವಷ್ಟರಲ್ಲಿ ಅವನ ಕುರಿಗಳು ಯಾರದೋ ಜೋಳಕ್ಕೆ ನುಗ್ಗಿದ್ದವು. ಅವನು ನಿಂತಲ್ಲಿಂದ ಕದಲಿರಲಿಲ್ಲ.

ನಡುವೆ ಹನಿ ಬಿದ್ದವು. ಬೆನ್ನು ಬಾಗಿಸಿ ಹಣ್ಣಿಗೆ ಮರೆಯಾಗಿ ನಡೆದೆ. ಇಲ್ಲಿ ಹನಿ ಎಂದರೆ ಅಲ್ಲಿ ಮಳೆಯೇ ಇರಬಹುದು ಎಂದು ಭಯವಾಯಿತು. ಆಗಲೇ ಹಿಂದಿನಿಂದ ಬಸ್ಸು ಬಂತು. ಹತ್ತಿಬಿಡೋಣ ಎನಿಸಿ ನಾನು ರಸ್ತೆಯ ನಡುವೆ ನಿಂತುಬಿಟ್ಟೆ. ಕಂಡಕ್ಟರು ಬಾಗಿಲಲ್ಲಿ ಇಣುಕಿ ನನ್ನ ಕೈಗಳನ್ನು ನೋಡಿದ.

“ಹರಕಿ ಹಣ್ಣು ಹಿಡಕೊಂಡು ಬಸ್ ಹತ್ತತೀರೇನ್ರಿ? ನಾಚಿಕಿ ಬ್ಯಾಡ?” ಎಂದು ಬೈದು, ಬಸ್ಸಿನೊಳಗಿಂದಲೇ ಗೊಂಚಲಿಗೆ ಕೈಮುಗಿದು, ಗಂಟೆ ಬಾರಿಸಿದ. ನಾನು ಓಡತೊಡಗಿದೆ.

ಗುಡಿಯಲ್ಲಿ ಅದು ಯಾವ ಹಣ್ಣೆಂದು ಯಾರೂ ಕೇಳಲಿಲ್ಲ. ಪೂಜಾರಿ ಗೊಂಚಲನ್ನು ತೆಂಗಿನಕಾಯಿ, ಪೇಢೆಗಳ ನಡುವೆ ಇಟ್ಟು, ನಾಲ್ಕು ಹಣ್ಣು ಕಿತ್ತು ನನ್ನ ಅಂಗೈಗೆ ಹಾಕಿದರು. ಹೊರಗೆ ಬಂದು ಶಿವಾನಂದನಿಗೆ ಫೋನ್ ಮಾಡಿದೆ.

“ಮುಟ್ಟಿತು.”

ಅವನು “ಕತ್ರಿ ಹಾಕ್ರಿ!” ಎಂದು ತೋಟದ ಕಡೆ ಕೂಗಿದ್ದು ಕೇಳಿತು, ಹೆಂಗಸರ ಗದ್ದಲ ಕೇಳಿತು. ಆಮೇಲೆ ಆಯಿಯ ದನಿ: “ಈಗರೆ ಕುಡೀತೀರೇನ್ರಿ?”

“ಎಲ್ಲಿ ಸಿಗತದ, ಆಯಿ?”

“ನಾಸಿಕದಾಗ,” ಎಂದು ಫೋನ್ ಇಟ್ಟಳು.

ಲಾರಿ ತುಂಬಿ ಹೋದ ಮೇಲೆ, ಆ ರಾತ್ರಿ, ಬರಿ ಎಲೆಗಳ ಮೇಲೆ ಮಳೆ ಬಿತ್ತೆಂದು ಶಿವಾನಂದ ಮುಂದೆ ಹೇಳಿದ. ಆ ನಾಲ್ಕು ಹಣ್ಣನ್ನು ನಾನು ಅಕ್ಕಲಕೋಟದ ಬಸ್‌ಸ್ಟ್ಯಾಂಡಿನಲ್ಲಿ ತಿಂದೆ. ದಪ್ಪ ಸಿಪ್ಪೆ, ತುಂಬ ಬೀಜ, ನಾಲಿಗೆ ಒಗರಾಯಿತು. ಅಂಗೈಗೆ ಹತ್ತಿದ ರಸದ ವಾಸನೆ ಸೊಲ್ಲಾಪುರ ಮುಟ್ಟಿದರೂ ಅಳಿಯಲಿಲ್ಲ.

ಮೊನ್ನೆ ಬಂದದ್ದು ಅದೇ ವಾಸನೆ. ನಾವು ಚಾದರ ಹಾಸಿ ನೆಲದ ಮೇಲೆ ಕುಳಿತಿದ್ದೆವು. “ಕೆಳಗಿಡ್ರಿ ಮಾಮಾ, ಗ್ಲಾಸ್ ತರ್ತೀನಿ,” ಎಂದು ಹುಡುಗ ಒಳಗೆ ಹೋದ. ಸ್ಟೀಲಿನ ಲೋಟಗಳ ಸದ್ದಾಯಿತು. ಬಾಟಲಿ ನನ್ನ ಎರಡು ಅಂಗೈಗಳ ನಡುವೆಯೇ ಇತ್ತು.

ಬಾಗಿಲಲ್ಲಿ ನಿಂತ ಹೆಂಡತಿ, “ಏನ್ ಹಿಡಕೊಂಡು ಕುಂತೀರಿ ಹಂಗ? ನೆಲಕ್ಕಿಡ್ರಲಾ,” ಎಂದಳು.

ಇಡಲು ಬಾಗಿದೆ. ಆಗಲಿಲ್ಲ.

ಈ ಕಥೆಯನ್ನು ಅವಳಿಗೆ ಹೇಳಿದ್ದೆ. ಅಂದು ಅವಳು ನಕ್ಕು, ನನ್ನ ಬೂಟುಗಳನ್ನು ಅಟ್ಟಕ್ಕೆ ಎಸೆದಿದ್ದಳು. ಮೊನ್ನೆ ಮಾತ್ರ ನನ್ನ ಕೈಗಳನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹತ್ತಿರ ಬಂದು, ಸೆರಗನ್ನು ಅಂಗೈ ಮೇಲೆ ಹಾಸಿಕೊಂಡು, ಎರಡೂ ಕೈ ಚಾಚಿದಳು.