ನನಗೆ ಪೋಕರ್ ಕಲಿಸಿದ ಅಕ್ಕೋರು

ಅಕ್ಕೋರು ನಕ್ಕರೆ ಮುಖದ ಬಲಗಡೆ ಮಾತ್ರ ನಗುತ್ತಿತ್ತು. ಎಡಗಡೆಯ ಹುಬ್ಬು, ಕೆನ್ನೆ, ತುಟಿಯಂಚು ಯಾವುದೂ ಅಲುಗುತ್ತಿರಲಿಲ್ಲ. ಎಡಗಣ್ಣಿನ ರೆಪ್ಪೆ ತಾನಾಗಿ ಮುಚ್ಚುತ್ತಿರಲಿಲ್ಲವಾದ್ದರಿಂದ ಆಗಾಗ ತೋರುಬೆರಳಿನಿಂದ ಅದನ್ನು ಮೆಲ್ಲಗೆ ಕೆಳಗೆಳೆದು, ಒಂದು ಗಳಿಗೆ ಹಿಡಿದು ಬಿಡುತ್ತಿದ್ದರು. ಮಾತಿನ ನಡುವೆ, ಊಟದ ನಡುವೆ, ಆಟದ ನಡುವೆಯೂ ಆ ಬೆರಳು ತನ್ನ ಕೆಲಸಕ್ಕೆ ಹೋಗಿಬರುತ್ತಿತ್ತು. ಹೊಸಬರು ನೋಡಿದರೆ ಅಳು ಒರೆಸಿಕೊಳ್ಳುತ್ತಿದ್ದಾರೆ ಅಂದುಕೊಳ್ಳಬೇಕು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಆದರೆ ಅವರ ಮುಖ ನೋಡುವ ಮೊದಲೇ ತಿಂಗಳುಗಟ್ಟಲೆ ನಾನು ಅವರಿಂದ ಪಾಠ ಹೇಳಿಸಿಕೊಂಡಿದ್ದೆ. ಅದೂ ಪೋಕರಿನ ಪಾಠ.

ಆಗ ನನ್ನ ಮದುವೆ ಮುರಿದಿತ್ತು. ತವರಿಗೆ ಹೋಗಿ ಅಣ್ಣ-ಅತ್ತಿಗೆಯ ನಡುವೆ ಕೂರುವ ಮನಸ್ಸಿಲ್ಲದೆ ಕಲಬುರಗಿಯ ಕೋಟನೂರಿನಲ್ಲಿ ಒಂದು ಕೋಣೆ ಹಿಡಿದಿದ್ದೆ. ಜಗತ್ ಸರ್ಕಲ್ ಹತ್ತಿರದ ಒಂದು ಕಣ್ಣಿನ ದವಾಖಾನೆಯಲ್ಲಿ ಬಂದವರ ಹೆಸರು ಬರೆದುಕೊಂಡು ಚೀಟಿ ಕೊಡುವ ಕೆಲಸ. ದಿನವಿಡೀ ಮಂದಿಯ ಜೊತೆ ಮಾತು, ಆದರೆ ಎಲ್ಲರಿಗೂ ಅದೇ ಮಾತು: “ಕುಂದರ್ರಿ, ಕರೀತಾರ.” ಕೋಣೆಗೆ ಬಂದರೆ ಅದೂ ಇಲ್ಲ. ಗೋಡೆಯಾಚೆ ಯಾರದೋ ಮನೆಯ ಕುಕ್ಕರ್ ಕೂಗುವುದನ್ನು ಕೇಳುತ್ತಾ ಫೋನಿನಲ್ಲಿ ಪೋಕರ್ ಆಡಲು ಶುರುಮಾಡಿದೆ. ಮೊದಲು ಪುಕ್ಕಟೆ ಮೇಜುಗಳು, ಆಮೇಲೆ ಸಣ್ಣ ಟೂರ್ನಮೆಂಟುಗಳು. ಟೂರ್ನಮೆಂಟಿನಲ್ಲಿ ಎಲ್ಲರೂ ಒಂದೇ ಶುಲ್ಕ ಕಟ್ಟಿ ಕೂರುತ್ತಾರೆ, ಎಲ್ಲರಿಗೂ ಸಮನಾಗಿ ಬಿಲ್ಲೆಗಳು ಸಿಗುತ್ತವೆ. ಬಿಲ್ಲೆ ಮುಗಿದವರು ಎದ್ದು ಹೋಗಬೇಕು, ಕೊನೆಯವರೆಗೆ ಕುಳಿತವರದು ಗೆಲುವು. ಬದುಕಿನಲ್ಲಿ ಎಲ್ಲ ಕಡೆಯಿಂದಲೂ ಏಳಿಸಿಕೊಂಡಿದ್ದ ನನಗೆ ಈ ಕೂರುವ ಆಟ ಹಿಡಿಸಿಬಿಟ್ಟಿತು. ಇದನ್ನೇ ವೃತ್ತಿ ಮಾಡಿಕೊಳ್ಳಬೇಕು ಅನ್ನುವ ಹುಚ್ಚು ಹತ್ತಿತು.

ಆಟಗಾರರು ಸೇರುವ ಒಂದು ಆನ್‌ಲೈನ್ ಗುಂಪಿನಲ್ಲಿ ಧೈರ್ಯ ಮಾಡಿ ಬರೆದೆ: ವೃತ್ತಿಪರ ಟೂರ್ನಮೆಂಟ್ ಆಟಗಾರ್ತಿಯಾಗಬೇಕೆಂದಿದ್ದೇನೆ, ಕಲಿಸುವವರು ಬೇಕು, ಶುಲ್ಕ ಕಟ್ಟಿ ಬೆನ್ನಿಗೆ ನಿಲ್ಲುವವರೂ ಬೇಕು. ಕೆಲವರು ನಕ್ಕರು. ಕೆಲವರು ಫೋಟೋ ಕಳಿಸು ಎಂದರು. ಒಬ್ಬರು ಮಾತ್ರ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದರು: “ನೀನು ಸೋತ ಆಟಗಳನ್ನು ಕಳಿಸು. ಗೆದ್ದವು ಬೇಡ.” ಹೆಸರಿನ ಜಾಗದಲ್ಲಿ ಯಾವುದೋ ಹಕ್ಕಿಯ ಹೆಸರಿತ್ತು. ಗುಂಪಿನಲ್ಲಿ ಎಲ್ಲರೂ ಅವರನ್ನು ‘ಸರ್’ ಎನ್ನುತ್ತಿದ್ದರು. ನಾನೂ ‘ಸರ್’ ಎಂದೇ ಸೋತ ಆಟಗಳನ್ನು ಕಳಿಸತೊಡಗಿದೆ. ಎಲ್ಲೋ ದೂರದೇಶದ ದೊಡ್ಡ ಮನುಷ್ಯನಿರಬೇಕು, ಸಮುದ್ರದ ಕಡೆಗೆ ಕಿಟಕಿಯಿರುವ ಮನೆಯಿರಬೇಕು ಎಂದೆಲ್ಲ ಕಲ್ಪಿಸಿಕೊಂಡಿದ್ದೆ.

ಒಂದು ದಿನ ಪಾಠದ ನಡುವೆ ಅವರು ಏನೋ ಕೇಳಿದರು. ನಾನು ಅವಸರದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಹೌದ್ರಿ’ ಎಂದು ಹೊಡೆದುಬಿಟ್ಟೆ. ಆ ಕಡೆಯಿಂದ ಕನ್ನಡದಲ್ಲೇ ಒಂದು ಸಾಲು ಬಂತು: “ಯಾ ಊರವ್ವಾ ನಿಂದು?”

“ಕಲಬುರಗಿ ರೀ.”

“ನಾ ಕಮಲಾಪುರದಾಗ ಇರ್ತೀನಿ. ಐತವಾರ ಬಾ.”

ಭಾನುವಾರ ಹುಮನಾಬಾದ್ ಕಡೆಯ ಬಸ್ಸು ಹತ್ತಿ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಮಾರುವಾಕೆಯ ಹತ್ತಿರ, ಅವರು ಬರೆದಿದ್ದ ಮನೆಯ ಗುರುತು ಹೇಳಿ ದಾರಿ ಕೇಳಿದರೆ, “ಗಣಿತದ ಅಕ್ಕೋರ ಮನಿ ಏನ್ರಿ?” ಎಂದು ಕೈತೋರಿಸಿದಳು. ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ನನ್ನ ‘ಸರ್’ ಒಬ್ಬ ಹೆಂಗಸು, ಅದೂ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು ಎಂದು ನನಗೆ ತಿಳಿದದ್ದು ಆ ಬಸ್‌ಸ್ಟ್ಯಾಂಡಿನಲ್ಲಿ.

ಬಾಗಿಲು ತೆರೆದವರು ಮಾಸ್ಕ್ ಹಾಕಿದ್ದರು. ಸೋಂಕಿನ ಕಾಲ ಮುಗಿದು ಮಂದಿ ಮಾಸ್ಕನ್ನು ಮರೆತೇಬಿಟ್ಟಿದ್ದ ದಿನಗಳವು. ನನ್ನನ್ನು ತಮ್ಮ ಬಲಗಡೆಗೇ ಕೂರಿಸಿಕೊಂಡರು. ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ತಂದಿಟ್ಟು, ತಾವು ತಟ್ಟೆ ಹಿಡಿದು ಸುಮ್ಮನೆ ಕುಳಿತರು.

“ಉಣ್ಣೋದಕ್ಕ ಇದು ತಗೀಬೇಕು. ನೋಡಿ ಅಂಜಬ್ಯಾಡ” ಎಂದು ಮಾಸ್ಕ್ ಕೆಳಗಿಳಿಸಿದರು.

ನಾನು ಅಂಜಲಿಲ್ಲ. ರೊಟ್ಟಿ ಮುರಿಯುತ್ತಾ ಕುಳಿತೆ. ಅವರೇ ಹೇಳಿದರು. ಒಂದು ಬೆಳಗ್ಗೆ ಬಾಯಿ ಮುಕ್ಕಳಿಸಿದಾಗ ನೀರು ತಾನಾಗಿ ಒಂದು ಕಡೆಯಿಂದ ಸೋರಿತಂತೆ. ಕನ್ನಡಿ ನೋಡಿದರೆ ಅರ್ಧ ಮುಖ ಜಾರಿತ್ತು. ಕೆಲವು ವಾರಗಳಲ್ಲಿ ಸರಿಹೋಗುತ್ತದೆ ಎಂದಿದ್ದರು ಡಾಕ್ಟರು, ಹೋಗಲಿಲ್ಲ. ಶಾಲೆಗೆ ಹೋದರೆ, ಬೋರ್ಡಿನ ಕಡೆ ತಿರುಗಿದಾಗ ಬೆನ್ನ ಹಿಂದೆ ಹುಡುಗರ ನಗು ಕೇಳಿಸುತ್ತಿತ್ತು.

“ನಕ್ಕದ್ದಕ್ಕ ನನಗ ಸಿಟ್ಟಿಲ್ಲವ್ವಾ. ಹುಡುಗ್ರು ನಗ್ತಾವ. ಖರೇ, ನಾ ಹೊಳ್ಳಿ ನೋಡಿದರ ಎಲ್ಲಾರೂ ತಲಿ ತಗ್ಗಿಸ್ತಿದ್ರು ನೋಡು, ಅದು ತಡೀಲಿಲ್ಲ.”

ಸೇವೆ ಇನ್ನೂ ಬಾಕಿಯಿರುವಾಗಲೇ ನಿವೃತ್ತಿ ತೆಗೆದುಕೊಂಡರು. ಮದುವೆಯಾಗಿರಲಿಲ್ಲ. ಬೀದರಿನಲ್ಲಿದ್ದ ತಮ್ಮ ಹಬ್ಬಕ್ಕೆ ಬಂದು ಹೋಗುತ್ತಿದ್ದ. ಬಾಗಿಲು ಹಾಕಿಕೊಂಡು ಕುಳಿತ ಆ ವರ್ಷಗಳಲ್ಲಿ, ಸಂಭವನೀಯತೆಯ ಲೆಕ್ಕಗಳನ್ನು ಹುಡುಕುತ್ತಾ ಹೋಗಿ ಪೋಕರಿಗೆ ಬಿದ್ದರು. ಅಲ್ಲಿ ಯಾರಿಗೂ ಮುಖ ಬೇಕಿರಲಿಲ್ಲ. “ಸೋಂಕು ಬಂದು ಎಲ್ಲಾರೂ ಮಾಸ್ಕ್ ಹಾಕ್ಕೊಂಡ್ರಲ್ಲ, ಅವಾಗ ನನಗ ಹಬ್ಬ ಆಗಿತ್ತು. ಬಜಾರದಾಗ ಎಲ್ಲಾರೂ ನನ್ನಂಗೇ” ಎಂದು ಬಲಗೆನ್ನೆಯಿಂದ ನಕ್ಕರು.

ನಾನು ಬಂದ ವಿಷಯಕ್ಕೆ ಬಂದೆ. ದವಾಖಾನೆಯ ಕೆಲಸ ಬಿಡುತ್ತೇನೆ, ನೀವು ಬೆನ್ನಿಗೆ ನಿಂತರೆ ಪೂರ್ತಿ ಆಟಕ್ಕೇ ಇಳಿಯುತ್ತೇನೆ ಎಂದೆ. ಅಕ್ಕೋರು ಬೆರಳಿನಿಂದ ರೆಪ್ಪೆ ಎಳೆದುಕೊಂಡು ಕೇಳಿದರು:

“ನಿನಗ ಆಟ ಬೇಕೋ, ಓಡಿ ಹೋಗಲಿಕ್ಕ ಒಂದು ಜಾಗಾ ಬೇಕೋ?”

ನಾನು ತಟ್ಟೆ ಎತ್ತಿಕೊಂಡು ತೊಳೆಯಲು ಎದ್ದೆ.

“ಅವಸರಿಲ್ಲ. ವಿಚಾರ ಮಾಡಿ ಹೇಳು.”

ಹಲವು ಐತವಾರಗಳು ಹೋದವು. ಬಸ್ಸಿನಲ್ಲಿ ಹೋಗುವಾಗ ಒಂದು ಉತ್ತರ, ಬರುವಾಗ ಇನ್ನೊಂದು. ಕೊನೆಗೆ ಒಂದು ದಿನ ಚಹಾ ಕುಡಿಯುತ್ತಾ, “ಎರಡೂ ಬೇಕ್ರಿ ಅಕ್ಕೋರೆ” ಎಂದುಬಿಟ್ಟೆ. ಅವರು ಕಪ್ಪು ಕೆಳಗಿಟ್ಟು ನನ್ನನ್ನೇ ನೋಡಿದರು. “ಖರೇ ಹೇಳಿದಿ. ಆಟಾನೇ ಬೇಕು ಅಂದಿದ್ದರ ನಾ ಒಂದು ರೂಪಾಯಿ ಹಾಕ್ತಿದ್ದಿಲ್ಲ.” ಆ ದಿನವೇ ಕರಾರು ಆಯಿತು. ಶುಲ್ಕ ಅವರದು, ಗೆದ್ದರೆ ಅರ್ಧ ಅರ್ಧ, ಸೋತರೆ ಅವರದೇ ಹೋದಂತೆ. ನನ್ನ ಪಗಾರ ಆಟಕ್ಕೆ ಮುಟ್ಟಬಾರದು, ಕೆಲಸ ಬಿಡಬಾರದು. “ಹೊಟ್ಟಿ ಹಸಿದಾಗ ಇಸ್ಪೀಟ್ ಎಲಿ ನೆಟ್ಟಗ ಕಾಣಂಗಿಲ್ಲ” ಎನ್ನುವುದು ಅವರ ಮಾತು.

ಅವರು ಕಲಿಸುವ ಬಗೆ ಬೇರೆ. ಎಂಥ ಎಲೆ ಬಂದಿತ್ತು ಎಂದು ಮೊದಲು ಕೇಳುತ್ತಲೇ ಇರಲಿಲ್ಲ. “ಆ ಹೊತ್ತಿನಾಗ ನೀ ಏನು ವಿಚಾರ ಮಾಡಿದಿ, ಅಷ್ಟು ಹೇಳು” ಎನ್ನುತ್ತಿದ್ದರು. ಒಮ್ಮೆ ನಾನು ಕೈಗೆ ಬಂದಿದ್ದ ಆಟವನ್ನು ಕೊನೆಯ ಎಲೆಯಲ್ಲಿ ಕಳೆದುಕೊಂಡು ಅತ್ತುಬಿಟ್ಟಿದ್ದೆ. ಅವರು ಹಾಳೆಯ ಮೇಲೆ ಇಡೀ ಲೆಕ್ಕ ಮಾಡಿ ತೋರಿಸಿ, “ನೀ ಮಾಡಿದ್ದು ಬರೋಬ್ಬರಿ ಅದ. ಸೋತಿ, ಅದು ಬ್ಯಾರೆ ಮಾತು. ಇವೆರಡೂ ಒಂದೇ ಅಂತ ತಿಳ್ಕೊಂಡು ಮಂದಿ ಜಲ್ಮಾ ಹಾಳು ಮಾಡ್ಕೋತಾರ” ಎಂದರು. ಮುರಿದ ಮದುವೆಯ ಬಗ್ಗೆ ನಾನು ಅವರಿಗೆ ಅಲ್ಲಿಯವರೆಗೂ ಹೆಚ್ಚೇನೂ ಹೇಳಿರಲಿಲ್ಲ. ಆ ದಿನ ಹೇಳಿದೆ. ಅವರು ಕೊನೆಯವರೆಗೂ ಕೇಳಿ, ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ಬಂದರು.

ಗೋವಾದ ಒಂದು ಟೂರ್ನಮೆಂಟಿಗೆ ನನ್ನನ್ನು ಕಳಿಸುವುದೆಂದು ತೀರ್ಮಾನವಾದಾಗ ನಾನು ಹಟ ಹಿಡಿದೆ, ನೀವೂ ಬಂದು ಆಡಿದರೆ ಮಾತ್ರ ಹೋಗುತ್ತೇನೆ ಎಂದು. ಅಷ್ಟು ವರ್ಷಗಳಲ್ಲಿ ಅವರು ಮನುಷ್ಯರ ಎದುರು ಕುಳಿತು ಒಂದು ಆಟವನ್ನೂ ಆಡಿರಲಿಲ್ಲ. “ನನಗ್ಯಾಕವ್ವಾ” ಎಂದರು. ಒಂದು ವಾರ ಫೋನನ್ನೂ ಎತ್ತಲಿಲ್ಲ. ಆಮೇಲೆ ತಾವೇ ಕರೆದು, “ಮಾಸ್ಕ್ ಹಾಕ್ಕೊಂಡು ಕುಂದ್ರಲಿಕ್ಕ ಬಿಡ್ತಾರೇನು ಕೇಳು” ಎಂದರು. ಬಿಡುತ್ತಾರೆ ಎಂದು ವಿಚಾರಿಸಿ ಹೇಳಿದೆ.

ಗೋವಾದಲ್ಲಿ, ನದಿಯಲ್ಲಿ ನಿಂತ ಕ್ಯಾಸಿನೊ ಹಡಗಿನೊಳಗೆ ಸಾಲು ಸಾಲು ಮೇಜುಗಳು. ಕಪ್ಪು ಕನ್ನಡಕದ ಹುಡುಗರು, ಕಿವಿಗೆ ಹಾಡು ಸಿಕ್ಕಿಸಿಕೊಂಡವರು. ಅವರ ನಡುವೆ ಇಳಕಲ್ ಸೀರೆ ಉಟ್ಟು ಮಾಸ್ಕ್ ಹಾಕಿದ ನಮ್ಮ ಅಕ್ಕೋರು. ನನ್ನ ಮೇಜಿನಿಂದ ಅವರ ಮೇಜು ಕಾಣುತ್ತಿತ್ತು. ತುಟಿ ಪೂರ್ತಿ ಕೂಡದ ಕಾರಣ ಅವರ ಮಾತು ಸ್ವಲ್ಪ ತೊದಲುತ್ತಿತ್ತು, ಮಾಸ್ಕಿನೊಳಗಿಂದ ಇನ್ನಷ್ಟು ಅಸ್ಪಷ್ಟ. ಅವರು ಹೇಳಿದ್ದು ಎಲೆ ಹಂಚುವ ಹುಡುಗಿಗೆ ತಿಳಿಯಲಿಲ್ಲ. ಮತ್ತೆ ಕೇಳಿದಳು, ಮತ್ತೂ ತಿಳಿಯಲಿಲ್ಲ. ಮೇಜೆಲ್ಲ ಕಾಯುತ್ತಿತ್ತು. ಅಕ್ಕೋರು ಎರಡೂ ಕಿವಿಯಿಂದ ದಾರ ಬಿಡಿಸಿ, ಮಾಸ್ಕನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, ಗಟ್ಟಿಯಾಗಿ ತಮ್ಮ ಪಂತ ಹೇಳಿದರು. ಎದುರಿಗಿದ್ದವರು ತಲೆ ತಗ್ಗಿಸಲಿಲ್ಲ. ಮುಂದಕ್ಕೆ ಬಾಗಿ, ಕನ್ನಡಕ ಮೇಲೆತ್ತಿ, ಆ ಮುಖವನ್ನು ಎವೆಯಿಕ್ಕದೆ ನೋಡಿದರು. ಇವರ ಕೈಯಲ್ಲಿ ಏನಿದೆ ಎಂದು ತಿಳಿಯಬೇಕಿತ್ತು ಅವರಿಗೆ.

ಮಧ್ಯಾಹ್ನದ ಹೊತ್ತಿಗೆ ಅಕ್ಕೋರು ಸೋತು ಎದ್ದರು. ನಾನು ಬಿಡುವಿನಲ್ಲಿ ಓಡಿಹೋದಾಗ ಹಡಗಿನ ಡೆಕ್ಕಿನ ಮೇಲೆ ಗಾಳಿಗೆ ನಿಂತಿದ್ದರು. ಮಾಸ್ಕ್ ಇರಲಿಲ್ಲ.

“ಬ್ಯಾಸರಾತೇನ್ರಿ?” ಎಂದೆ.

“ಹುಚ್ಚಿ” ಎಂದರು. ಬಲಗಣ್ಣು ತುಂಬಿತ್ತು. “ಇವತ್ತ ಅಷ್ಟೂ ಮಂದಿ ನನ್ನ ಮುಖಾ ನೋಡಿದ್ರು. ಅಯ್ಯೋ ಪಾಪ ಅಂತಲ್ಲ. ಅಂಜಿ ನೋಡಿದ್ರು ನನ್ನವ್ವಾ, ಅಂಜಿ.”

ನಾನು ಮರುದಿನದವರೆಗೂ ಕುಳಿತೆ. ಬಹುಮಾನದ ಸಾಲಿನ ತೀರ ಕೆಳಗಿನ ಒಂದು ಜಾಗ ಸಿಕ್ಕಿತು. ಅದಕ್ಕೇ ಅವರು ಕಮಲಾಪುರಕ್ಕೆ ಬಂದ ಮೇಲೆ ಹೋಳಿಗೆ ಮಾಡಿ ಬಡಿಸಿದರು.

ಆಮೇಲೆ ಹೊಸ ಕಾನೂನು ಬಂತು, ಹಣದ ಆಟದ ಆ್ಯಪ್‌ಗಳೆಲ್ಲ ಮುಚ್ಚಿಹೋದವು, ಆಟಗಾರರ ಗುಂಪೂ ಚದುರಿತು. ಒಳ್ಳೆಯದೇ ಆಯಿತು ಎಂದವರು ಬಹಳ. ಎಷ್ಟೋ ಮನೆ ಉಳಿದಿರಲೂಬಹುದು, ನಾನು ವಾದಿಸುವುದಿಲ್ಲ. ಆದರೆ ಅಕ್ಕೋರನ್ನು ದಿನವೂ ಮಾತಾಡಿಸುತ್ತಿದ್ದ ಮಂದಿಯೆಲ್ಲ ಒಮ್ಮೆಲೇ ಇಲ್ಲವಾದರು. ಅವರ ನಿಜ ಹೆಸರು ಇವರಿಗೆ ತಿಳಿಯದು, ಇವರದು ಅವರಿಗೆ ತಿಳಿಯದು. ಹುಡುಕುವುದಾದರೂ ಹೇಗೆ? ನಾವಿಬ್ಬರೇ ಉಳಿದೆವು. ಐತವಾರ ಮಂಚದ ಮೇಲೆ ಇಸ್ಪೀಟು ಹರವಿಕೊಂಡು, ಬಿಲ್ಲೆಯ ಬದಲು ತೊಗರಿಕಾಳು ಇಟ್ಟು ಆಡುತ್ತಿದ್ದೆವು. ವರ್ಷಕ್ಕೊಮ್ಮೆ ಗೋವಾಕ್ಕೆ ಹೋದರೆ ವೃತ್ತಿಯಾಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೂ ಅವರು ಪಾಠ ನಿಲ್ಲಿಸಲಿಲ್ಲ, ನಾನು ಬಸ್ಸು ತಪ್ಪಿಸಲಿಲ್ಲ.

ಒಂದು ಬುಧವಾರ ದವಾಖಾನೆಯಲ್ಲಿ ಚೀಟಿ ಬರೆಯುತ್ತಿದ್ದಾಗ ಫೋನು ಬಂತು. ಅಕ್ಕೋರ ಮನೆಯ ಮುಂಭಾಗದಲ್ಲಿ ಬಾಡಿಗೆಗಿದ್ದ ಹೆಂಗಸು. “ಅಕ್ಕೋರು ಹ್ವಾದ್ರವ್ವಾ. ಕುರ್ಚ್ಯಾಗ ಕುಂತಲ್ಲೇ.” ಎದೆ ನಿಂತಿತ್ತಂತೆ. ಎದುರಿಗಿದ್ದ ಮುದುಕರೊಬ್ಬರು ತಮ್ಮ ಹೆಸರನ್ನು ಮತ್ತೊಮ್ಮೆ ಹೇಳಿದರು. ಅದನ್ನು ಬರೆದುಕೊಟ್ಟು, “ಕುಂದರ್ರಿ, ಕರೀತಾರ” ಎಂದು ಹೇಳಿ, ಎದ್ದು ಹೊರಟೆ.

ಮಣ್ಣು ಕೊಡಲು ಬಂದವರು ಸ್ವಲ್ಪವೇ ಮಂದಿ. ಅಕ್ಕೋರನ್ನು ಕುಳ್ಳಿರಿಸಿ, ವಿಭೂತಿ ಹಚ್ಚಿ, ಹೂ ಏರಿಸಿದ್ದರು. ಎಡಗಣ್ಣು ಅರ್ಧ ತೆರೆದೇ ಇತ್ತು. ಯಾರೂ ಅದನ್ನು ಗಮನಿಸಿರಲಿಲ್ಲ. ನಾನು ಹತ್ತಿರ ಹೋಗಿ ತೋರುಬೆರಳಿನಿಂದ ರೆಪ್ಪೆಯನ್ನು ಕೆಳಗೆಳೆದು, ಅದು ನಿಲ್ಲುವವರೆಗೂ ಹಿಡಿದುಕೊಂಡೆ.

ಎಲ್ಲ ಮುಗಿದು ಕೈಕಾಲು ತೊಳೆಯುವಾಗ ಬೀದರಿನ ತಮ್ಮ ನನ್ನ ಬಳಿ ಬಂದರು. ನನ್ನನ್ನು ಅವರು ಹಿಂದೆ ಕಂಡವರಲ್ಲ.

“ನೀವು ಯಾರ್ರಿ?”

“ಅಕ್ಕೋರ ಕಡೆ ಕಲ್ತಾಕಿ ರೀ.”

“ಹೌದಾ? ಯಾವ ಬ್ಯಾಚು?”

“ಕಡೀ ಬ್ಯಾಚ್ ರೀ.”

ಅವರಿಗೆ ಕೊಂಚ ಸಮಾಧಾನವಾದಂತಿತ್ತು. ಅಕ್ಕನ ಬಗ್ಗೆ ಇನ್ನೂ ಏನಾದರೂ ಕೇಳಬೇಕು ಅನ್ನಿಸಿರಬೇಕು, ಟವೆಲಿನಿಂದ ಮುಖ ಒರೆಸಿಕೊಂಡು ಕೇಳಿದರು:

“ಎಷ್ಟು ಮಂದಿ ಇದ್ರಿ?”

“ನಾ ಒಬ್ಬಾಕೀನೇ ರೀ” ಎಂದೆ.